ಕಾಸು ಕಡಿಮೆ, ನಾದ ಕಡಿಮೆಯಲ್ಲ

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಎಲೆಕ್ಟ್ರಿಕ್ ಗಿಟಾರ್ ಕೊಡಿಸುವುದಾಗಿ ಅಪ್ಪ ಮಾತು ಕೊಟ್ಟಿರುತ್ತಾರೆ. ಅಂಕವೂ ಬರುತ್ತದೆ, ಗಿಟಾರೂ ಬರುತ್ತದೆ. ಜತೆಗೊಂದು ಪುಟ್ಟ ಆಂಪ್ಲಿಫೈಯರ್, ಒಂದು ಕೇಬಲ್, ಒಂದು ಬಟ್ಟೆಯ ಚೀಲ. ಮೊದಲ ವಾರ ಮನೆಯಲ್ಲಿ ಸಂಭ್ರಮ. ಎರಡನೆಯ ವಾರದಿಂದ ತಕರಾರು ಶುರು. ಮೊಬೈಲಿನಲ್ಲಿ ಕೇಳಿದ ಗಿಟಾರಿನ ದನಿ ಜೇನು ಸುರಿದ ಹಾಗಿರುತ್ತದೆ. ಮನೆಯ ಗಿಟಾರಿನಿಂದ ಬರುವುದು ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯ ದನಿ! ಅಡುಗೆಮನೆಯಿಂದ ಅಮ್ಮ 'ಸದ್ದು ಕಡಿಮೆ ಮಾಡು' ಎನ್ನುತ್ತಾರೆ, ಮಹಡಿ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಮೂರನೆಯ ತಿಂಗಳಿಗೆ ಹೊಸ ಅರ್ಜಿ ಸಿದ್ಧ: 'ಈ ಗಿಟಾರ್ ಸರಿಯಿಲ್ಲ, ಇನ್ನೂ ದೊಡ್ಡದು ಬೇಕು.'

ಇಲ್ಲಿಂದ ಮುಂದೆ ಎರಡರಲ್ಲಿ ಒಂದಾಗುತ್ತದೆ. ಅಪ್ಪ ಗೊಣಗುತ್ತಲೇ ಮತ್ತೆ ಹತ್ತಿಪ್ಪತ್ತು ಸಾವಿರ ಸುರಿಯುತ್ತಾರೆ. ಇಲ್ಲವೇ ಗಿಟಾರ್ ಅಟ್ಟ ಸೇರುತ್ತದೆ. ಎರಡೂ ನಷ್ಟವೇ. ಏಕೆಂದರೆ ಹೊಸದನ್ನು ತಂದರೂ ಅದೇ ಹಳೆಯ ದನಿ ಹಿಂಬಾಲಿಸಿ ಬರುವ ಸಾಧ್ಯತೆ ಹೆಚ್ಚು. ತುಕ್ಕು ಹಿಡಿದ ತಂತಿ, ತಿರುಗಿಸದೇ ಬಿಟ್ಟ ತಿರುಪು, ಮೂಲೆಯಲ್ಲಿ ನೆಲದ ಮೇಲೆ ಕುಳಿತ ಆಂಪ್, ಅವಸರದ ಬೆರಳು - ಕೆಟ್ಟ ನಾದಕ್ಕೆ ಕಾರಣ ಬಹುಮಟ್ಟಿಗೆ ಇವೇ. ಇವುಗಳಲ್ಲಿ ಯಾವುದಕ್ಕೂ ಸಾವಿರಗಟ್ಟಲೆ ಖರ್ಚಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕತೆ ಇದು.

ಫ್ಯಾರಡೆಯ ಪಾಠವೇ ಗಿಟಾರಿನ ಗುಟ್ಟು

ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಓದಿದವರಿಗೆ ಎಲೆಕ್ಟ್ರಿಕ್ ಗಿಟಾರ್ ಅರ್ಥವಾಗುವುದು ಕಷ್ಟವಲ್ಲ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದೇ ಇಲ್ಲಿಯೂ ನಡೆಯುವುದು. ತಂತಿಗಳ ಕೆಳಗೆ ಕುಳಿತಿರುವ ಪಿಕಪ್ ಎಂಬ ಪಟ್ಟಿಯಲ್ಲಿ ಆಯಸ್ಕಾಂತವಿದೆ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಮೀಟಿದಾಗ ಆಯಸ್ಕಾಂತ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದು ವಾಲ್ಯೂಮ್, ಟೋನ್ ಗುಬುಟುಗಳನ್ನು ದಾಟಿ, ಕೇಬಲ್ಲಿನಲ್ಲಿ ಹರಿದು, ಆಂಪಿನಲ್ಲಿ ದೊಡ್ಡದಾಗಿ ಸ್ಪೀಕರಿನಲ್ಲಿ ಸದ್ದಾಗುತ್ತದೆ.

ಟೋನ್ ಅಂದರೆ ಈ ಇಡೀ ಸರಪಳಿಯ ಒಟ್ಟು ಫಲ. ಸರಪಳಿಯ ಯಾವ ಕೊಂಡಿ ಸಡಿಲವೋ ಅಲ್ಲಿ ನಾದ ಸೋರಿಹೋಗುತ್ತದೆ. ಸೋರುವುದು ಎಲ್ಲಿ ಎಂದು ಹುಡುಕದೆ ಹೊಸ ಪಿಕಪ್ಪಿಗೆ ದುಡ್ಡು ಸುರಿಯುವುದು ತೂತು ಬಿದ್ದ ಕೊಡಕ್ಕೆ ಹೊಸ ಹಗ್ಗ ಕಟ್ಟಿದಂತೆ. ಗಿಟಾರಿನ ಒಡಲು ಯಾವ ಮರದ್ದು, ಅದರಿಂದ ನಾದ ಎಷ್ಟು ಬದಲಾಗುತ್ತದೆ ಎಂದು ಬಲ್ಲವರು ಹಗಲಿರುಳು ವಾದ ಮಾಡುವುದುಂಟು. ಜೇಬು ಹಗುರವಿರುವ ವಿದ್ಯಾರ್ಥಿ ಆ ಜಗಳದಿಂದ ದೂರ ಉಳಿಯುವುದೇ ಲೇಸು.

ಮೊದಲ ಕೊಂಡಿ ತಂತಿ. ಅಂಗಡಿಯಿಂದ ಬಂದ ಗಿಟಾರಿನ ತಂತಿಗಳು ಎಷ್ಟು ತಿಂಗಳು ಗೋದಾಮಿನಲ್ಲಿ ಕೊಳೆತಿದ್ದವೋ ಬಲ್ಲವರಾರು? ಮೇಲಾಗಿ ಬೆರಳಿನ ಬೆವರು, ಎಣ್ಣೆ. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲದ ತೇವ ಇದ್ದರಂತೂ ಕೇಳುವುದೇ ಬೇಡ. ದಪ್ಪ ತಂತಿಗಳ ಮೇಲಿನ ಸುತ್ತಿನ ಸಂದಿಯಲ್ಲಿ ಕೊಳೆ ತುಂಬಿದರೆ ಮೇಲಿನ ಅನುರಣನಗಳು ಸತ್ತುಹೋಗುತ್ತವೆ; ಉಳಿಯುವುದು 'ದಬ್ ದಬ್' ಎಂಬ ಮೊಂಡು ಸದ್ದು. ಒಂದು ಜೊತೆ ಹೊಸ ತಂತಿಗೆ ಕೆಲವು ನೂರು ರೂಪಾಯಿ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿಟ್ಟರೆ ಅದರ ಆಯುಸ್ಸು ಹೆಚ್ಚುತ್ತದೆ. ಇದಕ್ಕೆ ಖರ್ಚು ಒಂದು ಹಳೆಯ ಬನಿಯನ್!

ದಪ್ಪ ತಂತಿಯಾದರೆ ಮಾತ್ರ ದಪ್ಪ ನಾದ ಎಂಬ ನಂಬಿಕೆಯೊಂದಿದೆ. ಅದಕ್ಕೆ ತಲೆಬಾಗಬೇಕಿಲ್ಲ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿ 1965ರಲ್ಲಿ ತಗಡಿನ ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಚರು, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಗಿಟಾರಿಗೆ ತೆಳು ತಂತಿ ಸಿಗದ ಕಾಲದಲ್ಲಿ ಬ್ಯಾಂಜೊ ತಂತಿ ಏರಿಸಿಕೊಂಡರು. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರಿನ ದನಿ ತೆಳುವಾಗಿತ್ತೆಂದು ಯಾರೂ ಹೇಳಿಲ್ಲ. ಹೊಸಬರಿಗೆ ಇಂಚಿನ ಸಾವಿರದಲ್ಲಿ 9 ಅಥವಾ 10 ಭಾಗದಿಂದ ಶುರುವಾಗುವ ಜೊತೆಯೇ ಸಾಕು.

ಇನ್ನು ತಿರುಪುಗಳ ಸಂಗತಿ. ವೀಣೆಗೆ ಆಗಾಗ ಮೇಳ ಕಟ್ಟಿಸಬೇಕು, ತಂಬೂರಿಯ ಕುದುರೆಯ ಮೇಲೆ ಜೀವಾಳದ ಎಳೆ ಸರಿಯಾಗಿ ಕೂರಿಸಬೇಕು ಎಂಬುದು ನಮ್ಮ ಮನೆಗಳಿಗೆ ಗೊತ್ತು. ಗಿಟಾರಿಗೂ ಅಂಥದೇ ಆರೈಕೆ ಬೇಕೆಂಬುದು ಮಾತ್ರ ಹೊಳೆಯುವುದಿಲ್ಲ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಒಂದೂವರೆಯಿಂದ ಎರಡು ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ತೀರ ಕೆಳಗಿದ್ದರೆ ತಂತಿ ಮೆಟ್ಟಿಲಿಗೆ ತಾಗಿ ಗರಗರ ಎನ್ನುತ್ತದೆ. ತೀರ ಮೇಲಿದ್ದರೆ ಒತ್ತುವಾಗಲೇ ಶ್ರುತಿ ಏರುತ್ತದೆ.

ಶ್ರುತಿಯ ಇನ್ನೊಂದು ಪರೀಕ್ಷೆ ಹೀಗೆ. ಹನ್ನೆರಡನೆಯ ಮೆಟ್ಟಿಲಿನ ನೇರ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಅಲ್ಲೇ ಒತ್ತಿ ಮೀಟಿದ ಸ್ವರವೂ ಅದೇ ಆಗಿರಬೇಕು. ಮೊಬೈಲಿನ ಉಚಿತ ಟ್ಯೂನರ್ ಇದನ್ನು ತೋರಿಸುತ್ತದೆ. ಒತ್ತಿದ ಸ್ವರ ಮೇಲಿದ್ದರೆ ಬ್ರಿಜ್ಜಿನ ಮೇಲಿನ ಆ ತಂತಿಯ ಸ್ಯಾಡಲನ್ನು ಹಿಂದಕ್ಕೆ, ಕತ್ತಿನಿಂದ ದೂರಕ್ಕೆ, ಸರಿಸಬೇಕು, ಕೆಳಗಿದ್ದರೆ ಮುಂದಕ್ಕೆ. ಒಂದು ಸ್ಕ್ರೂಡ್ರೈವರ್, ಅರ್ಧ ತಾಸು. ಅಪಸ್ವರದ ಗಿಟಾರಿಗೆ ಎಷ್ಟು ದುಬಾರಿ ಆಂಪ್ ಜೋಡಿಸಿದರೂ ಅದು ದೊಡ್ಡ ಅಪಸ್ವರವೇ ಹೊರತು ಬೇರೇನಲ್ಲ. ಕತ್ತಿನೊಳಗಿನ ಸರಳಿನ ತಂಟೆಗೆ ಮಾತ್ರ ಅರಿಯದವರು ಹೋಗಬಾರದು. ಅದನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸುವಂತಿಲ್ಲ. ಬಲ್ಲವರ ಕೈಗೆ ಕೊಡುವುದೇ ಮೇಲು.

ಪಿಕಪ್ಪಿನ ಎತ್ತರ ಬಹಳ ಜನ ಮುಟ್ಟದೇ ಬಿಡುವ ತಿರುಪು. ಕೊನೆಯ ಮೆಟ್ಟಿಲಿನಲ್ಲಿ ತಂತಿ ಒತ್ತಿ ಹಿಡಿದಾಗ ಪಿಕಪ್ಪಿಗೂ ತಂತಿಗೂ ಎರಡು ಮೂರು ಮಿಲಿಮೀಟರ್ ಅಂತರ ಇರಲಿ. ಹತ್ತಿರ ತಂದಷ್ಟೂ ಸದ್ದು ಜೋರು ನಿಜ. ಆದರೆ ತೀರ ಹತ್ತಿರವಾದರೆ ಆಯಸ್ಕಾಂತವೇ ತಂತಿಯನ್ನು ಎಳೆಯತೊಡಗಿ ಸ್ವರ ಅಲುಗಾಡುತ್ತದೆ. ಅರ್ಧ ಸುತ್ತು ಇಳಿಸಿ ಕೇಳಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಬೆಂಕಿಗೂಡಿನ ಕಟ್ಟಿಗೆಯಿಂದ ಬಂದ ನಾದ

ಕಾಸಿಲ್ಲದೆ ನಾದ ಹುಡುಕಿದವರ ಕತೆ ಹೇಳುವಾಗ ಇಂಗ್ಲೆಂಡಿನ ಬ್ರಯಾನ್ ಮೇ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1963ರಲ್ಲಿ ಆತ ಹದಿನಾರರ ಶಾಲಾ ಹುಡುಗ. ಅಂಗಡಿಯಲ್ಲಿದ್ದ ಒಳ್ಳೆಯ ಅಮೆರಿಕನ್ ಗಿಟಾರುಗಳು ಆ ಮನೆಯ ಕೈಗೆಟುಕುವಂತಿರಲಿಲ್ಲ. ತಂದೆ ಹೆರಾಲ್ಡ್ ಮೇ ಎಲೆಕ್ಟ್ರಾನಿಕ್ಸ್ ಬಲ್ಲವರು, ಕೈಕೆಲಸದಲ್ಲಿ ನಿಪುಣರು. ಕೊಳ್ಳಲಾಗದಿದ್ದರೆ ಮಾಡೋಣ ಎಂದು ಅಪ್ಪ ಮಗ ಕೂಡಿ ಹೊರಟರು.

ಪರಿಚಿತರ ಮನೆಯಲ್ಲಿ ಎಸೆಯಲಿದ್ದ ನೂರು ವರ್ಷಕ್ಕೂ ಹಳೆಯ ಬೆಂಕಿಗೂಡಿನ ಮಹಾಗನಿ ಚೌಕಟ್ಟು ಗಿಟಾರಿನ ಕತ್ತಾಯಿತು. ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿಯಿಂದ ಮುಚ್ಚಿದರು. ಒಡಲಿಗೆ ಹಳೆಯ ಓಕ್ ಮೇಜಿನ ತುಂಡು. ಮೆಟ್ಟಿಲು ಗುರುತಿಸುವ ಬಿಳಿ ಚುಕ್ಕೆಗಳು ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರವನ್ನು ನಡುಗಿಸುವ ಸನ್ನೆಗೆ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಸೈಕಲ್ಲಿನ ಚೀಲ ತೂಗುವ ಸರಳು, ಅದರ ತುದಿಗೆ ಹೆಣಿಗೆ ಕಡ್ಡಿಯ ತುಂಡು. ಒಂದಲ್ಲ, ಸುಮಾರು ಎರಡು ವರ್ಷದ ಕೆಲಸ ಇದು. ಶಾಲೆಯ ಓದಿನ ನಡುವೆಯೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪಿಕಪ್ಪುಗಳನ್ನೂ ಬ್ರಯಾನ್ ಮೊದಲು ಕೈಯಿಂದಲೇ ಮಾಡಿದರು. ತಂತಿಯನ್ನು ಎಳೆದು ಸ್ವರ ಬಾಗಿಸಿದಾಗ ಅವು ವಿಚಿತ್ರ ಸದ್ದು ಮಾಡಿದವು. ಆಗ ಹಟ ಹಿಡಿದು ಕೂರಲಿಲ್ಲ. ಬರ್ನ್ಸ್ ಕಂಪನಿಯ ಟ್ರೈಸಾನಿಕ್ ಪಿಕಪ್ ಮೂರನ್ನು ಕೊಂಡು ತಂದರು. ಅವು ಕೀರಲು ದನಿ ಎಬ್ಬಿಸದಂತೆ ಒಳಗೆ ಅರಾಲ್ಡೈಟ್ ಅಂಟು ತುಂಬಿದರು. ಮನೆಯಲ್ಲಿ ಆಗುವುದನ್ನು ಮನೆಯಲ್ಲಿ ಮಾಡಿ, ಆಗದ ಒಂದಕ್ಕೆ ಮಾತ್ರ ದುಡ್ಡು ಬಿಚ್ಚಿದ ಲೆಕ್ಕ. ಕ್ವೀನ್ ತಂಡದ ಹಾಡುಗಳಲ್ಲಿ ಜಗತ್ತು ಕೇಳಿದ್ದು ಈ 'ರೆಡ್ ಸ್ಪೆಷಲ್' ಗಿಟಾರಿನ ದನಿಯನ್ನೇ. ಮೀಟಲು ಬಳಸಿದ್ದು ಕೂಡ ಪ್ಲಾಸ್ಟಿಕ್ ಪಿಕ್ ಅಲ್ಲ, ಆರು ಪೆನ್ನಿಯ ನಾಣ್ಯ. ಅದರ ಹಲ್ಲುಗಳ ಅಂಚು ತಂತಿಗೆ ತಾಗಿ ಸ್ವರಕ್ಕೆ ಒಂದು ಬಗೆಯ ಉಚ್ಚಾರ ಕೊಡುತ್ತದೆ.

ಅದೇ ತಂಡದ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ. 1972ರ ಸುಮಾರಿಗೆ ಬೀದಿಬದಿಯ ಕಸದ ತೊಟ್ಟಿಯಲ್ಲಿ ಆತನಿಗೆ ಒಂದು ಸರ್ಕಿಟ್ ಬೋರ್ಡ್ ಸಿಕ್ಕಿತು. ಅದನ್ನು ತಂದು ಪುಸ್ತಕದ ಕಪಾಟಿನಲ್ಲಿಡುವಂಥ ಪುಟ್ಟ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ 9 ವೋಲ್ಟ್ ಬ್ಯಾಟರಿ ಜೋಡಿಸಿದ. ವಾಲ್ಯೂಮ್ ಗುಬುಟು ಕೂಡ ಇಲ್ಲದ, ಒಂದು ವಾಟ್ ಕೂಡ ಹುಟ್ಟಿಸದ ಆ ಪೆಟ್ಟಿಗೆಯೇ 'ಡೀಕಿ ಆಂಪ್'. 1975ರ ಆಲ್ಬಮ್ ಒಂದರಲ್ಲಿ 'ಗುಡ್ ಕಂಪನಿ' ಎಂಬ ಹಾಡಿದೆ. ಅದರಲ್ಲಿ ಕ್ಲಾರಿನೆಟ್, ಟ್ರಂಪೆಟ್ಟುಗಳ ಇಡೀ ವಾದ್ಯಮೇಳ ಕೇಳುತ್ತದಲ್ಲ, ಅದು ಬ್ರಯಾನ್ ಗಿಟಾರನ್ನು ಈ ಪೆಟ್ಟಿಗೆಯ ಮೂಲಕ ಪದರ ಪದರವಾಗಿ ನುಡಿಸಿ ಕಟ್ಟಿದ್ದು!

ಪಾಲಕರಿಗಾಗಿ ಇನ್ನೊಂದು ಮಾತು. ಗಿಟಾರಿಗಾಗಿ ಪಿಎಚ್.ಡಿ. ಅರ್ಧಕ್ಕೆ ಬಿಟ್ಟ ಮಗನ ಬಗ್ಗೆ ಹೆರಾಲ್ಡ್ ಮೇ ಅವರಿಗೂ ಅಸಮಾಧಾನವಿತ್ತು. ಆ ಪಿಎಚ್.ಡಿ. ಮುಗಿದದ್ದು 2007ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಸೌರವ್ಯೂಹದ ಧೂಳಿನ ಚಲನೆಯ ಮೇಲೆ. ಆಗ ಮಗನಿಗೆ ಅರವತ್ತು.

ವಾಟ್ ಹೆಚ್ಚಿದರೆ ಇಂಪು ಹೆಚ್ಚದು

'ಹತ್ತು ವಾಟ್ ಸಾಲದು, ಐವತ್ತು ಬೇಕು' ಎಂಬುದು ಎಲ್ಲ ಮನೆಗಳಲ್ಲೂ ಕೇಳಿಬರುವ ಬೇಡಿಕೆ. ಕಿವಿಯ ಲೆಕ್ಕ ಬೇರೆ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ 'ಎರಡು ಪಟ್ಟು ಜೋರು' ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಅಂದರೆ ಒಂದೇ ಬಗೆಯ ಸ್ಪೀಕರಿನಲ್ಲಿ ನೂರು ವಾಟಿನ ಆಂಪ್ ಹತ್ತು ವಾಟಿನದಕ್ಕಿಂತ ಎರಡು ಪಟ್ಟು ಮಾತ್ರ ಜೋರು. ಮಲಗುವ ಕೋಣೆಗೆ ಒಂದೆರಡು ವಾಟ್ ಧಾರಾಳ. ಹೆಚ್ಚಿನ ದುಡ್ಡನ್ನು ವಾಟಿಗಲ್ಲ, ಸ್ಪೀಕರಿಗೆ ಹಾಕುವುದು ಜಾಣತನ.

ಕಡಿಮೆ ಸದ್ದಿನಲ್ಲಿ ಗಿಟಾರ್ ಬಡಕಲಾಗಿ ಕೇಳಿಸುವುದು ಮಾತ್ರ ಭ್ರಮೆಯಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತ್ತು: ಸದ್ದು ಸಣ್ಣದಾದಂತೆ ಮನುಷ್ಯನ ಕಿವಿ ಮಂದ್ರವನ್ನೂ ತೀರ ತಾರವನ್ನೂ ಕಡಿಮೆ ಹಿಡಿಯುತ್ತದೆ. ಹಾಗಾಗಿ ಮೆಲುದನಿಯಲ್ಲಿ ಅಭ್ಯಾಸ ಮಾಡುವಾಗ ಬಾಸ್ ಸ್ವಲ್ಪ ಏರಿಸಿಕೊಂಡರೆ ತಪ್ಪಲ್ಲ. ಆದರೆ ಅದೇ ಗುರುತನ್ನು ಕಾಲೇಜು ವೇದಿಕೆಯಲ್ಲೂ ಇಟ್ಟರೆ ಗದ್ದಲವಾಗುತ್ತದೆ. ಅಲ್ಲಿ ಇನ್ನೊಮ್ಮೆ ಹೊಂದಿಸಿಕೊಳ್ಳಬೇಕು.

ಗುಬುಟುಗಳಲ್ಲಿ ಹೊಸಬರು ದಾರಿ ತಪ್ಪುವುದು ಎರಡರಲ್ಲಿ. ಒಂದು, ಗೇನ್. ಅದನ್ನು ಪೂರ್ತಿ ತಿರುಗಿಸಿದರೆ ತಪ್ಪು ಸ್ವರಗಳೆಲ್ಲ ಗೊಂದಲದಲ್ಲಿ ಮುಚ್ಚಿಹೋಗುತ್ತವೆ ಎಂಬ ಆಸೆ. ಸರಿ ಸ್ವರಗಳೂ ಮುಚ್ಚಿಹೋಗುತ್ತವೆ! ಬೇಕೆನಿಸಿದ್ದಕ್ಕಿಂತ ಕಾಲು ಭಾಗ ಕಡಿಮೆ ಇಟ್ಟರೆ ಸ್ವರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇನ್ನೊಂದು ಮಿಡ್. ಅದನ್ನು ಸೊನ್ನೆಗೆ ಇಳಿಸಿ ಬಾಸ್, ಟ್ರೆಬಲ್ ಏರಿಸಿದರೆ ಕೋಣೆಯಲ್ಲಿ ಒಬ್ಬರೇ ಕೇಳುವಾಗ ಗಾಂಭೀರ್ಯವೆನಿಸೀತು. ಡ್ರಮ್ಸ್ ಜತೆ ಸೇರಿದಾಗ ಗಿಟಾರ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎಲ್ಲ ಗುಬುಟುಗಳನ್ನೂ ಮಧ್ಯದಲ್ಲಿಟ್ಟು ಒಂದೊಂದನ್ನೇ ಅಲುಗಿಸಿ ಕೇಳುವುದು ಒಳ್ಳೆಯ ರೂಢಿ. ಗಿಟಾರಿನ ಮೇಲಿರುವ ಗುಬುಟುಗಳನ್ನು ಮರೆತೇಬಿಡುವವರೂ ಇದ್ದಾರೆ. ಅಲ್ಲಿನ ವಾಲ್ಯೂಮನ್ನು ಹತ್ತರಿಂದ ಏಳಕ್ಕೆ ಇಳಿಸಿದರೆ ಒರಟು ದನಿ ತಾನಾಗಿ ತಿಳಿಯಾಗುತ್ತದೆ.

ಇನ್ನು ಆಂಪ್ ಇಡುವ ಜಾಗ. ನೆಲದ ಮೇಲಿಟ್ಟ ಸ್ಪೀಕರ್ ಹಾಡುವುದು ಹಿಮ್ಮಡಿಗೆ, ಕಿವಿಗಲ್ಲ. ಗೋಡೆಯ ಮೂಲೆ ಸೇರಿದರೆ ಬಾಸ್ ಊದಿಕೊಂಡು ಗುಂಯ್ ಎನ್ನುತ್ತದೆ. ಅದನ್ನು ಕುರ್ಚಿಯ ಮೇಲಿಟ್ಟು, ಮೂಲೆಯಿಂದ ಈಚೆ ಎಳೆದು, ಕೊಂಚ ಮೇಲ್ಮುಖ ಮಾಡಿದರೆ ಕಿವಿಗೆ ಮುಟ್ಟುವುದು ಬೇರೆಯದೇ ನಾದ. ಸದ್ದು ತಗ್ಗಿಸಿದರೂ ಸಾಕೆನಿಸುತ್ತದೆ. ಮಹಡಿ ಮನೆಯವರಿಗೂ ನೆಮ್ಮದಿ. ನಯಾಪೈಸೆ ಖರ್ಚಿಲ್ಲದ ಈ ಉಪಾಯವನ್ನು ಎಲ್ಲಕ್ಕಿಂತ ಮೊದಲು ಮಾಡಿ ನೋಡಬಹುದು.

ಗುಂಯ್‌ಗುಡುವಿಕೆಗೆ ಬೇರೆ ಕಾರಣವೂ ಉಂಟು. ನಮ್ಮ ಮನೆಯ ವಿದ್ಯುತ್ ಸೆಕೆಂಡಿಗೆ 50 ಬಾರಿ ಅಲೆಯುತ್ತದೆ. ಒಂಟಿ ಸುರುಳಿಯ ಪಿಕಪ್ ತಂತಿಯ ಜತೆಗೆ ಈ ಅಲೆಯನ್ನೂ ಹಿಡಿಯುತ್ತದೆ. ಇದನ್ನು ತಪ್ಪಿಸಲೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳ ಹಂಬಕರ್ ಪಿಕಪ್ ರೂಪಿಸಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು. ಒಂಟಿ ಸುರುಳಿಯವರು ನಿರಾಶರಾಗಬೇಕಿಲ್ಲ. ಫ್ಯಾನಿನ ರೆಗ್ಯುಲೇಟರ್, ಇನ್ವರ್ಟರ್, ಚಾರ್ಜರ್‌ಗಳಿಂದ ದೂರ ಕುಳಿತು, ಕುಳಿತ ದಿಕ್ಕನ್ನು ಸ್ವಲ್ಪ ತಿರುಗಿಸಿದರೆ ಗುಂಯ್ ಅರ್ಧ ಅಡಗುತ್ತದೆ. ಕೇಬಲ್ ಮೂರು ಮೀಟರ್ ಸಾಕು. ಉದ್ದ ಹೆಚ್ಚಿದಷ್ಟೂ ಅದರ ಕೆಪಾಸಿಟೆನ್ಸ್ ಟ್ರೆಬಲ್ಲನ್ನು ತಿನ್ನುತ್ತದೆ. ಗುಬುಟು ತಿರುಗಿಸಿದಾಗ ಕರಕರ ಎಂದರೆ ಹೊಸದು ಬೇಡ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಿಂಪಡಿಕೆ ಸಾಕಾದೀತು.

ಆದರೆ ಒಂದು ಅಡ್ಡದಾರಿಯನ್ನು ಯಾರೂ ಹಿಡಿಯಬಾರದು. ಗುಂಯ್ ತಪ್ಪಿಸಲು ಕೆಲವರು ಪ್ಲಗ್ಗಿನ ಮೂರನೆಯ ಕಡ್ಡಿ, ಅರ್ಥಿಂಗ್, ಕಿತ್ತುಹಾಕುತ್ತಾರೆ. ಗಿಟಾರಿನ ತಂತಿ ಕೇಬಲ್ ಮೂಲಕ ಆಂಪಿನ ಲೋಹದ ಚೌಕಟ್ಟಿಗೆ ಕೂಡಿರುತ್ತದೆ. ಅರ್ಥಿಂಗ್ ಇಲ್ಲದ ಕಡೆ ಆಂಪಿನೊಳಗೆ ದೋಷ ಬಂದರೆ ವಿದ್ಯುತ್ ಹರಿದುಬರುವುದು ಬೆರಳಿಗೇ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್‌ಸಿಯಲ್ಲಿ, ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ವಿದ್ಯುದಾಘಾತದಿಂದ ಪ್ರಾಣಬಿಟ್ಟರು. ಹಳೆಯ ಮನೆಗಳಲ್ಲಿ ಮೂರು ತೂತಿನ ಪಾಯಿಂಟ್ ಇದ್ದರೂ ಒಳಗೆ ಅರ್ಥ್ ತಂತಿಯೇ ಇಲ್ಲದಿರುವುದುಂಟು. ಗಿಟಾರ್ ತರುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸುವುದು ಅಪ್ಪನ ಪಾಲಿನ ಕೆಲಸ.

ಕಂಪ್ಯೂಟರಿನೊಳಗಿನ ಆಂಪ್

ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಆಂಪನ್ನೇ ಕೊಳ್ಳದೆ ಕಾಲ ಹಾಕಬಹುದು. ಗಿಟಾರಿಗೂ ಕಂಪ್ಯೂಟರಿಗೂ ನಡುವೆ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಅದರಲ್ಲಿ ಗಿಟಾರಿಗೆಂದೇ ಹೈ ಇಂಪೀಡೆನ್ಸ್ ಕಂಡಿ ಇದೆಯೇ ಎಂದು ನೋಡಿಕೊಳ್ಳಬೇಕು. ಸಾಧಾರಣ ಕಂಡಿಗೆ ಚುಚ್ಚಿದರೆ ಪಿಕಪ್ಪಿನ ಮೇಲೆ ಹೊರೆ ಬಿದ್ದು ದನಿ ಮಂಕಾಗುತ್ತದೆ. ಮನೆಯ ಸ್ಟೀರಿಯೊಗೆ ಗಿಟಾರ್ ನೇರ ಜೋಡಿಸಿದಾಗ ಆಗುವುದೂ ಇದೇ. ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಹೆಸರಾಂತ ಆಂಪುಗಳ ಗುಣವನ್ನು ಕಲಿತ ಕಡತಗಳನ್ನು ಜನ ಅದಕ್ಕಾಗಿ ಪುಕ್ಕಟೆ ಹಂಚಿಕೊಂಡಿದ್ದಾರೆ.

ಇಷ್ಟಾದರೂ ದನಿ ಜೇನ್ನೊಣದ ಗೂಡಿನಂತೆ ಜುಂಯ್‌ಗುಟ್ಟಿದರೆ ಸ್ಪೀಕರಿನ ಪಾಲನ್ನು ಮರೆತಂತೆ. ಗಿಟಾರಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಸದ್ದನ್ನು ಹೆಚ್ಚೇನೂ ಹೊರಡಿಸುವುದಿಲ್ಲ. ಹೆಡ್‌ಫೋನ್ ಎಲ್ಲವನ್ನೂ ಹೊರಡಿಸುತ್ತದೆ. ತಂತ್ರಾಂಶದಲ್ಲಿ ಸ್ಪೀಕರ್ ಪೆಟ್ಟಿಗೆಯ ಅನುಕರಣೆಯನ್ನೂ ಸೇರಿಸಬೇಕು, ಇಲ್ಲವೇ ಈಕ್ವಲೈಸರಿನಲ್ಲಿ ಮೇಲಿನ ಭಾಗ ಕತ್ತರಿಸಬೇಕು. ಮೀಟಿದ ಸ್ವರ ತಡವಾಗಿ ಕೇಳಿದರೆ ಬಫರ್ ಇಳಿಸಬೇಕು. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 128ರ ಬಫರ್ ಅಂದರೆ 2.7 ಮಿಲಿಸೆಕೆಂಡ್, ಸದ್ದು ಗಾಳಿಯಲ್ಲಿ ಒಂದು ಮೀಟರಿನಷ್ಟು ಸಾಗುವ ಹೊತ್ತು.

ಹೆಡ್‌ಫೋನಿನಿಂದ ಮನೆಗೆ ಶಾಂತಿ, ಕಿವಿಗೆ ಅಪಾಯ. 85 ಡೆಸಿಬೆಲ್ಲಿನ ಸದ್ದು ದಿನಕ್ಕೆ ಎಂಟು ತಾಸು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಬರೀ ಕಾಲು ತಾಸು. ಹೋದ ಕಿವಿಯನ್ನು ಯಾವ ಆಂಪೂ ತಂದುಕೊಡದು.

ಕಡೆಗೆ ಉಳಿಯುವುದು ಕೈ. ಬ್ರಿಜ್ಜಿನ ಹತ್ತಿರ ಮೀಟಿದರೆ ದನಿ ಚೂಪು, ಕತ್ತಿನ ಕಡೆ ಸರಿದಂತೆ ದುಂಡು. ಅವಧಿ ಮುಗಿದ ಎಟಿಎಂ ಕಾರ್ಡನ್ನು ಕತ್ತರಿಸಿ ನಯವಾಗಿ ಉಜ್ಜಿದರೆ ನಾಲ್ಕೈದು ಪಿಕ್ ಆಗುತ್ತವೆ. ಅಂಚು ಚೂಪಾಗಿಯೂ ಮೊಂಡಾಗಿಯೂ ಮಾಡಿ ಹೋಲಿಸಬಹುದು. ಆದರೆ ನುಡಿಸುತ್ತಿರುವವನ ಕಿವಿ ಪಕ್ಷಪಾತಿ. ಮೊಬೈಲನ್ನು ಆಂಪಿನಿಂದ ಒಂದು ಮೀಟರ್ ದೂರದಲ್ಲಿ ಪ್ರತಿಸಲವೂ ಒಂದೇ ಜಾಗದಲ್ಲಿಟ್ಟು, ಒಂದೇ ನುಡಿಯನ್ನು ತಂತಿ ಬದಲಿಸುವ ಮೊದಲು, ಬದಲಿಸಿದ ಮೇಲೆ, ತಿರುಪು ಸರಿಪಡಿಸಿದ ಮೇಲೆ, ಆಂಪ್ ಕುರ್ಚಿಗೇರಿಸಿದ ಮೇಲೆ ಮುದ್ರಿಸಿಕೊಂಡು ಮರುದಿನ ಕೇಳಬೇಕು. ದೊಡ್ಡ ಗಿಟಾರಿನ ಅರ್ಜಿಯನ್ನು ಅಪ್ಪನ ಮುಂದಿಡುವುದಾದರೆ ಈ ನಾಲ್ಕು ಮುದ್ರಣಗಳನ್ನು ಅವರಿಗೂ ಕೇಳಿಸಿದ ಮೇಲೆಯೇ ಇಡಲಿ.